ಅಂದಾನೆಪ್ಪನ ಹೊಲದ ಹುಳಿ

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ತಡ. ಬೈಲಹೊಂಗಲದ ಒಂದು ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಹುಡುಗರು ನನಗಿಟ್ಟ ಅಡ್ಡಹೆಸರು ನನಗೂ ಗೊತ್ತು: ಮೆಣಸಿನಕಾಯಿ ಮೇಡಂ. ಇರಲಿ. ಈ ಜನವರಿಯಲ್ಲಿ ಸಂಕ್ರಮಣ ಮುಗಿದ ಮೂರನೆಯ ದಿನ, ಬೋರ್ಡಿನ ಮೇಲೆ ಸಸ್ಯಕೋಶದ ಚಿತ್ರ ಬಿಡಿಸುತ್ತಿದ್ದಾಗ ಊರಿನಿಂದ ಫೋನು ಬಂತು. ನನ್ನ ಚಿಗವ್ವ ಕೃಷ್ಣವ್ವನನ್ನು ಭಾನುವಾರ ಊರ ಕಟ್ಟೆಗೆ ಕರೆದಿದ್ದಾರಂತೆ. ಅಲ್ಲಿ ಎಲ್ಲರೆದುರು ಸೆರಗೊಡ್ಡಿ ತಪ್ಪಾಯಿತು ಎನ್ನಬೇಕಂತೆ. ಇನ್ನು ಮೇಲೆ ಯಾರ ಹೊಲದಲ್ಲೂ ಕಾಲಿಡುವುದಿಲ್ಲ ಎಂದು ಮಾತು ಕೊಡಬೇಕಂತೆ.

ಅವಳು ಮಾಡಿದ ತಪ್ಪು ಇಷ್ಟು: ಅಂದಾನೆಪ್ಪನ ಕಡಲೆ ಹೊಲದಿಂದ ಹುಳಿ ತೆಗೆದಳು. ಅವಳು ಹುಳಿ ಹಿಂಡಿ ಒಯ್ದದ್ದಕ್ಕೇ ಅವನ ನಾಲ್ಕು ಎಕರೆ ಬೆಳೆ ಒಣಗಲು ಹತ್ತಿದೆ. ಇದು ಅಂದಾನೆಪ್ಪನ ಮಾತು, ಊರು ಅದನ್ನು ನಂಬಿಕೊಂಡು ಕೂತಿತ್ತು.

ಕಡಲೆ ಹೊಲ ನೋಡದವರಿಗೆ ಹುಳಿ ಎಂದರೇನು ಎಂದು ಹೇಳಬೇಕು. ಕಡಲೆ ಗಿಡದ ಎಲೆ, ಕಾಂಡ, ಕಾಯಿಯ ಮೇಲೆಲ್ಲ ಕಣ್ಣಿಗೆ ಕಂಡೂ ಕಾಣದಂಥ ರೋಮಗಳಿವೆ. ಚಳಿಗಾಲದಲ್ಲಿ ಆ ರೋಮಗಳ ತುದಿಯಲ್ಲಿ ಹುಳಿ ಒಸರುತ್ತದೆ, ಇಬ್ಬನಿಯೊಡನೆ ಕೂಡಿಕೊಳ್ಳುತ್ತದೆ. ಬೆಳಗ್ಗೆ ಹೊಲದಲ್ಲಿ ಹಾಯ್ದವರ ಕಾಲು ಚುರುಗುಟ್ಟುತ್ತವೆ. ಸಂಜೆ ತೊಳೆದ ಬಿಳಿ ಅರಿವೆಯನ್ನು ಗಿಡಗಳ ಮೇಲೆ ಹಾಸಿ ಬರಬೇಕು, ನಸುಕಿನಲ್ಲಿ ಹೋಗಿ ಹಿಂಡಬೇಕು. ಹಿಂಡಿದ್ದನ್ನು ಬಾಟಲಿಗೆ ತುಂಬಿಟ್ಟರೆ ವರ್ಷವಿಡೀ ಕೆಡುವುದಿಲ್ಲ. ಹೊಟ್ಟೆನೋವಿಗೆ, ಅಜೀರ್ಣಕ್ಕೆ ಎರಡು ಚಮಚ ನೀರಿಗೆ ಹಾಕಿ ಕುಡಿಯುತ್ತಾರೆ. ಸುರೇಬಾನದ ಸುತ್ತಿನ ಎರೆಹೊಲಗಳ ಊರುಗಳಲ್ಲಿ ಇದು ಹಿಂದಿನಿಂದ ಬಂದದ್ದು. ಈಗ ಮಾಡುವವರು ಕಡಿಮೆ, ಏಕೆಂದರೆ ಆ ಚಳಿಯಲ್ಲಿ ಏಳುವವರು ಯಾರು.

ನಮ್ಮೂರಲ್ಲಿ ಏಳುವವಳು ಕೃಷ್ಣವ್ವ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು, ಅಂದಿನಿಂದ ನನ್ನನ್ನು ಸಾಕಿದ್ದು ಅವ್ವನ ತಂಗಿಯಾದ ಇವಳೇ. ಬೇರೆಯವರ ಹೊಲಗಳಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ನನ್ನನ್ನು ಓದಿಸಿದಳು. ಅವಳು ಹಿಂಡಿದ ಹುಳಿಯನ್ನು ಅರ್ಧ ಊರು ಕುಡಿಯುತ್ತದೆ. ಅಂದಾನೆಪ್ಪನ ತಾಯಿಯೂ ಕುಡಿಯುತ್ತಾಳೆ. ಆದರೆ ಒಯ್ಯಲು ಬಂದವರು ನಮ್ಮ ಓಣಿಯ ಬಾಯಲ್ಲೇ ನಿಲ್ಲುತ್ತಾರೆ. ಅವರ ಬಾಟಲಿಗೆ ಇವಳ ಬಾಟಲಿ ತಾಗದ ಹಾಗೆ ಇವಳು ಎತ್ತರದಿಂದ ಸುರಿಯಬೇಕು. ಇವಳ ಕೈ ಹಿಂಡಿದ ನೀರು ಹೊಟ್ಟೆಗೆ ಇಳಿಯಬಹುದು, ಬಾಟಲಿ ಮಾತ್ರ ತಾಗಬಾರದು. ಸಣ್ಣವಳಿದ್ದಾಗ ಇದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಸೋಮವಾರಕ್ಕೂ ಸೇರಿಸಿ ರಜೆ ಹಾಕಿ ಶನಿವಾರ ಮಧ್ಯಾಹ್ನ ಹೊರಟೆ. ಮುರಗೋಡ, ಯರಗಟ್ಟಿ, ರಾಮದುರ್ಗ, ಅಲ್ಲಿಂದ ಸುರೇಬಾನದ ಬಸ್ಸು. ದಾರಿಯುದ್ದಕ್ಕೂ ಕಟ್ಟೆಯ ಮೇಲೆ ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಜಗಳ ಆಡುತ್ತ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಒಮ್ಮೆ ನನ್ನ ಮುಖ ನೋಡಿ ಆಚೆ ಸೀಟಿಗೆ ಸರಿದು ಕೂತಳು.

ಮನೆಯಲ್ಲಿ ಚಿಗವ್ವ ಬುದ್ಧನ ಪಟದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಬಂದೆಯಾ, ಉಂಡೆಯಾ ಎಂದು ಕೇಳಿದಳೇ ಹೊರತು ಕಟ್ಟೆಯ ಸುದ್ದಿ ತೆಗೆಯಲಿಲ್ಲ. ನಾನೇ ತೆಗೆದೆ. ಆಗ ಅವಳು ಮೊರದಿಂದ ತಲೆ ಎತ್ತದೆ, ತಪ್ಪಾಯಿತು ಅಂದುಬಿಡುತ್ತೇನೆ ಎಂದಳು. ಒಂದು ಮಾತಿಗೆ ಮುಗಿಯುವುದನ್ನು ಎಳೆಯುವುದೇಕೆ, ಇದೇ ಓಣಿಯ ಹೆಂಗಸರು ನಾಳೆ ಅವರ ಹೊಲಗಳಿಗೇ ಕೂಲಿಗೆ ಹೋಗಬೇಕು ಎಂದಳು. ನಾನು ಕೂಗಾಡಿದೆ. ರಾಮದುರ್ಗದ ಸ್ಟೇಷನ್ನಿಗೆ ಹೋಗೋಣ, ಕೇಸು ಹಾಕೋಣ, ಇದಕ್ಕೆ ಕಾನೂನಿದೆ ಎಂದೆ. ಅವಳು ಜೋಳದಲ್ಲಿನ ಹರಳು ಹೆಕ್ಕಿ ಬದಿಗಿಟ್ಟಳು.

“ಕೇಸ್ ಹಾಕಿ ನೀ ಬೈಲಹೊಂಗಲಕ್ಕ ಹೋಗ್ತಿ,” ಎಂದಳು. “ನಾ ಇಲ್ಲೇ ಇರಬೇಕಲ್ಲ.”

ಅವಳ ಮಾತು ಖರೆಯಿತ್ತು, ಅದಕ್ಕೇ ಸಿಟ್ಟು ಇನ್ನೂ ಏರಿತು. ಅವಳು ಸೆರಗೊಡ್ಡಿ ನಿಂತ ಚಿತ್ರ ಕಣ್ಣ ಮುಂದಿನಿಂದ ಹೋಗಲೊಲ್ಲದು. ಏನಾದರಾಗಲಿ, ಅದೊಂದು ಆಗಗೊಡಬಾರದು ಎಂದು ಗಟ್ಟಿ ಮಾಡಿಕೊಂಡೆ. ಕೊನೆಗೆ ಒಂದೇ ಒಂದು ಕೇಳಿಕೊಂಡೆ: ಬೆಳಗ್ಗೆ ಆ ಹೊಲ ತೋರಿಸು, ನಾನೇ ಕಣ್ಣಾರೆ ನೋಡುತ್ತೇನೆ. ತೋರಿಸುತ್ತೇನೆ, ಆದರೆ ದಾರಿಯ ಮೇಲಿಂದಷ್ಟೇ ಎಂದಳು.

ಬೆಳಕು ಹರಿಯುತ್ತಲೇ ಹೋದೆವು. ಹೊಲ ಸುರೇಬಾನದ ರಸ್ತೆಗೆ ಹತ್ತಿಕೊಂಡೇ ಇದೆ. ಬೆಳೆ ಒಂದೇ ಸಮ ಒಣಗಿರಲಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ಮಡಿಯಷ್ಟು ಜಾಗ ಹಳದಿಗೆ ತಿರುಗಿ ಎಲೆ ಜೋತು ಬಿದ್ದಿತ್ತು, ಅದರ ಸುತ್ತ ಗಿಡಗಳು ಹಸಿರಾಗಿಯೇ ಕಾಯಿ ಕಟ್ಟುತ್ತಿದ್ದವು. ಚಿಗವ್ವ ದಾರಿಯ ಮೇಲೆ ನಿಂತಳು. ನಾನು ನಿಲ್ಲಲಿಲ್ಲ. ನನ್ನಿಂದ ಯಾರೂ ಮಾತು ತೆಗೆದುಕೊಂಡಿರಲಿಲ್ಲವಲ್ಲ. ನಾಲ್ಕು ಹೆಜ್ಜೆ ಒಳಗೆ ಹೋಗಿ ಜೋತು ಬಿದ್ದ ಗಿಡಗಳನ್ನು ಬೇರು ಸಮೇತ ಕಿತ್ತು ತಂದೆ, ಪರ್ಸಿನಲ್ಲಿದ್ದ ಬ್ಲೇಡಿನಿಂದ ಒಂದರ ಬೇರನ್ನು ಉದ್ದಕ್ಕೆ ಸೀಳಿದೆ.

ಒಳಗೆ ನಟ್ಟನಡುವೆ ಕಂದು ಗೆರೆ. ಬೇರಿನಿಂದ ಕಾಂಡದವರೆಗೂ ಏರಿತ್ತು. ಇದು ಸೊರಗು ರೋಗ. ಮಣ್ಣಿನಲ್ಲಿ, ಬೀಜದಲ್ಲಿ ಇರುವ ಒಂದು ಬೂಷ್ಟು ಬೇರಿನೊಳಗೆ ಹೊಕ್ಕು, ನೀರು ಮೇಲೇರುವ ಕೊಳವೆಗಳಲ್ಲಿ ಬೆಳೆದು ದಾರಿ ಮುಚ್ಚಿಬಿಡುತ್ತದೆ. ಎಲೆಯ ಒಂದೊಂದು ಕೋಶದೊಳಗೂ ನೀರು ತುಂಬಿದ ಚೀಲವಿರುತ್ತದೆ. ಅದು ತುಂಬಿದಾಗ ಕೋಶದ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ, ಆ ಒತ್ತಿನಿಂದಲೇ ಎಳೆ ಎಲೆ ನೆಟ್ಟಗೆ ನಿಲ್ಲುವುದು. ಎಲೆಯ ಸಣ್ಣ ರಂಧ್ರಗಳಿಂದ ಹಗಲೆಲ್ಲ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೋದಷ್ಟು ಬೇರಿನಿಂದ ಬಂದರೆ ಗಿಡಕ್ಕೆ ಏನೂ ಆಗುವುದಿಲ್ಲ. ದಾರಿ ಮುಚ್ಚಿದರೆ ಹೋಗುವುದು ಹೋಗುತ್ತದೆ, ಬರುವುದು ನಿಲ್ಲುತ್ತದೆ. ಚೀಲ ಸಡಿಲಾಗುತ್ತದೆ, ಎಲೆ ಜೋತು ಬೀಳುತ್ತದೆ. ಕೆಳಗೆ ಎರೆಮಣ್ಣು ಹಸಿಯಿದ್ದರೂ ಗಿಡ ನೀರಡಿಸಿ ಸಾಯುತ್ತದೆ. ಇದಕ್ಕೂ ಚಿಗವ್ವನ ನಾಲ್ಕು ತುಂಡು ಅರಿವೆಗೂ ಏನು ಸಂಬಂಧ? ಅರಿವೆ ಹೀರುವುದು ಗಿಡ ತಾನಾಗಿ ಹೊರಗೆ ಹಾಕಿದ್ದನ್ನು, ಅದೂ ಒಂದು ತಂಬಿಗೆಯಷ್ಟು.

ಅಷ್ಟರಲ್ಲಿ ಪಕ್ಕದ ಹೊಲದ ನೀಲಪ್ಪ ಬಂದ. ಸೀಳಿದ ಬೇರನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದ. ತನ್ನ ಹೊಲದ ಮೂಲೆಯಲ್ಲೂ ಹತ್ತು-ಹದಿನೈದು ಗಿಡ ಹೀಗೇ ಆಗಿವೆ ಎಂದ. ಅಲ್ಲಿಯೂ ನನ್ನ ಚಿಗವ್ವ ಹುಳಿ ಹಿಂಡಿದ್ದಳೇ ಎಂದು ಕೇಳಿದೆ. ಇಲ್ಲ ಎಂದ. ಹಾಗಾದರೆ ಬೀಜ ಎಲ್ಲಿಯದು ಎಂದು ಕೇಳಿದೆ. ನೀಲಪ್ಪ ಹೇಳಿದ: ಅಂದಾನೆಪ್ಪ ಕಳೆದ ವರ್ಷದ ತನ್ನ ಬೆಳೆಯಿಂದ ತೆಗೆದಿಟ್ಟ ಬೀಜ, ಊರಲ್ಲಿ ತಾನೂ ಸೇರಿ ಆರು ಮಂದಿ ಅವನಿಂದಲೇ ಒಯ್ದು ಬಿತ್ತಿದ್ದಾರೆ. ಬಿತ್ತುವ ಮೊದಲು ಬೀಜಕ್ಕೆ ಔಷಧ ಹಚ್ಚಬೇಕೇ ಎಂದು ಕೇಳಿದಾಗ, ನನ್ನ ಬೀಜಕ್ಕೆ ಅದೆಲ್ಲ ಯಾಕೆ ಬೇಕು ಎಂದು ಅಂದಾನೆಪ್ಪ ನಕ್ಕಿದ್ದನಂತೆ.

ಆಗ ನನಗೆ ಎಲ್ಲ ತಿಳಿಯಿತು. ಅಂದಾನೆಪ್ಪನೆಂದರೆ ಊರಿಗೆ ಕಡಲೆ ಬೀಜದ ಯಜಮಾನ. ಯಾರ ಹೊಲದಲ್ಲಿ ಏನು ಕೆಟ್ಟರೂ ಜನ ಅವನನ್ನೇ ಕೇಳುತ್ತಿದ್ದರು. ಅವನ ಬೀಜವೇ ಕೆಟ್ಟದ್ದು ಎಂದಾದರೆ ಆ ಆರು ಮಂದಿ ಅವನ ಮನೆ ಬಾಗಿಲಿಗೆ ಬರುತ್ತಾರೆ. ಹುಳಿ ಹಿಂಡಿದವಳ ತಪ್ಪು ಎಂದಾದರೆ ಯಾರೂ ಬರುವುದಿಲ್ಲ. ಅದಕ್ಕೆ ಅವನು ಅರವತ್ತು ವರ್ಷದ ಒಬ್ಬ ಹೆಂಗಸನ್ನು ಆರಿಸಿಕೊಂಡ, ಅದೂ ತಿರುಗಿ ಮಾತಾಡದವಳನ್ನು. ನೀಲಪ್ಪನ ಕೈಯಿಂದ ಅವನ ಹೊಲದ ಒಂದು ಒಳ್ಳೆಯ ಗಿಡವನ್ನೂ ಬೇರು ಸಮೇತ ಕೀಳಿಸಿಕೊಂಡೆ. ಮನೆಯ ಮಾಳಿಗೆಯ ಬಿಸಿಲಲ್ಲಿ ಅದನ್ನು ಹರವಿದೆ. ಎರಡು ತಾಸಿನಲ್ಲಿ ಅದೂ ಬಾಡಿ ಜೋತು ಬಿತ್ತು.

ಕಟ್ಟೆಯ ಮೇಲೆ ಐದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಡುವಿನ ಕುರ್ಚಿಯಲ್ಲಿ ಗಂಗಯ್ಯನವರು. ಊರಿನ ಜಗಳ ಬಗೆಹರಿಸುವವರು ಅವರೇ, ದನಿ ಎತ್ತದೆ ಮಾತಾಡುವ ಮನುಷ್ಯ. ಅವರ ಬಲಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂದಾನೆಪ್ಪ ಕೂತಿದ್ದ. ಊರ ಗಂಡಸರು ಕಟ್ಟೆಯ ಮೇಲೆ, ನಮ್ಮ ಓಣಿಯವರು ಕೆಳಗೆ. ಚಿಗವ್ವ ಕೆಳಗೆ ನಿಂತಳು. ನಾನು ಮನೆಯಿಂದಲೇ ಎರಡು ತಂಬಿಗೆ ನೀರು ಹಿಡಿದುಕೊಂಡು ಹೋಗಿದ್ದೆ, ಯಾರು ಕೊಡುತ್ತಾರೆ ಎಂದು ಕಾಯುವ ಮನಸ್ಸು ನನಗಿರಲಿಲ್ಲ. ಎರಡನ್ನೂ ಕಟ್ಟೆಯ ಅಂಚಿಗಿಟ್ಟೆ. ಒಂದರಲ್ಲಿ ನೀಲಪ್ಪನ ಹೊಲದ ಬಾಡಿದ ಗಿಡ ಇಟ್ಟೆ, ಇನ್ನೊಂದರಲ್ಲಿ ಅಂದಾನೆಪ್ಪನ ಹೊಲದ್ದು. ಎರಡೂ ಒಂದೇ ರೀತಿ ತಲೆ ಬಾಗಿಸಿದ್ದವು. ಯಾವುದು ಯಾರದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನೀಲಪ್ಪ ಹೌದೆಂದು ಕೈ ಎತ್ತಿದ. ಇವಕ್ಕೆ ಯಾರೂ ಕೈ ಹಚ್ಚಬೇಡಿ, ನಿಮ್ಮ ಮಾತು ಮುಗಿಯಲಿ, ಆಮೇಲೆ ನೋಡೋಣ ಎಂದೆ.

ಅವರ ಮಾತು ಒಂದು ತಾಸಿನ ಮೇಲಾಯಿತು. ಅಂದಾನೆಪ್ಪ ತನ್ನ ಬೆಳೆ ಹೇಗಿತ್ತು, ಎಂಥ ಗಿಡಗಳಿದ್ದವು ಎಂದು ಹೇಳಿದ. ಹುಳಿಯೇ ಕಡಲೆಯ ಶಕ್ತಿ, ಮಳೆ ಬಂದು ಹುಳಿ ತೊಳೆದು ಹೋದರೆ ಕಾಯಿಗೆ ಹುಳ ಬೀಳುವುದು ಎಲ್ಲರಿಗೂ ಗೊತ್ತಲ್ಲ, ಇವಳು ದಿನಾ ಹಿಂಡಿದರೆ ಗಿಡ ಉಳಿಯುತ್ತದೆಯೇ ಎಂದು ಕೇಳಿದ. ಕಟ್ಟೆಯ ಮೇಲೆ ತಲೆಗಳು ಅಲ್ಲಾಡಿದವು. ಹಿಂದಿನಿಂದ ಒಬ್ಬ, ಕೈಗುಣವೂ ಇರತದ ಬಿಡ್ರಿ, ಎಂದ. ಕೈಗುಣ ಎಂದರೆ ಏನೆಂದು ನನಗೆ ಗೊತ್ತು, ಹೇಳಿದವನಿಗೂ ಗೊತ್ತು. ಹಲ್ಲು ಕಚ್ಚಿ ಸುಮ್ಮನೆ ನಿಂತೆ, ಏಕೆಂದರೆ ತಂಬಿಗೆಯಲ್ಲಿ ಕೆಲಸ ನಡೆದಿತ್ತು.

ಗಂಗಯ್ಯನವರು ಈಗ ನಿಮ್ಮದು ಏನಿದೆ ಹೇಳಿ ಎಂದಾಗ ನಾನು ತಂಬಿಗೆಗಳ ಕಡೆ ಕೈ ಮಾಡಿದೆ. ನೀಲಪ್ಪನ ಗಿಡದ ಎಲೆಗಳು ಬಿಚ್ಚಿಕೊಂಡಿದ್ದವು, ತುದಿ ಮೇಲೆದ್ದು ನಿಂತಿತ್ತು. ಅಂದಾನೆಪ್ಪನ ಗಿಡ ಇಟ್ಟಂತೆಯೇ ಬಿದ್ದಿತ್ತು. ಜನ ಎದ್ದು ಬಂದು ಬಗ್ಗಿ ನೋಡಿದರು.

“ನಮ್ಮ ಚಿಗವ್ವ ನೀರು ಹಿಂಡಿದ್ದಕ್ಕ ಗಿಡ ಬಾಡಿದ್ರ, ನೀರು ಕೊಟ್ಟ ಮ್ಯಾಲ ಏಳಬೇಕಿತ್ತು,” ಎಂದೆ. “ಇದು ಎದ್ದೈತಿ. ಅದು ಯಾಕ ಏಳಲಿಲ್ಲ, ಅಂದಾನೆಪ್ಪನವರ?”

ನಾನು ಉಳಿದ ಬೇರುಗಳನ್ನು ಅವರೆದುರೇ ಸೀಳಿ ಒಬ್ಬೊಬ್ಬರ ಕೈಗೂ ಕೊಟ್ಟೆ. ಕಂದು ಗೆರೆ ತೋರಿಸಿದೆ. ನೀರು ಹೇಗೆ ಏರುತ್ತದೆ, ಎಲ್ಲಿ ತಡೆದಿದೆ, ಬೀಜದಿಂದ ಈ ರೋಗ ಹೇಗೆ ಬರುತ್ತದೆ ಎಂದು ಹೇಳಿದೆ. ಹನ್ನೊಂದು ವರ್ಷ ಹೇಳಿದ ಪಾಠ, ಅಂದಿನಷ್ಟು ಚೊಕ್ಕವಾಗಿ ಎಂದೂ ಹೇಳಿರಲಿಲ್ಲ. ಬೀಜ ಎಂದ ಕೂಡಲೇ ನೀಲಪ್ಪ ಅಂದಾನೆಪ್ಪನ ಮುಖ ನೋಡಿದ, ಇನ್ನೂ ನಾಲ್ಕೈದು ಮಂದಿ ನೋಡಿದರು. ಗೆದ್ದೆ ಎಂದುಕೊಂಡೆ.

ಗಂಗಯ್ಯನವರು ಬೇರನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. ರೋಗ ಇದೆ, ಒಪ್ಪೋಣ ಎಂದರು. ಮೇಡಂ ಓದಿದವರು, ತಿಳಿಸಿ ಹೇಳಿದರು, ಸಂತೋಷ ಎಂದರು. ಆದರೆ ಕೇಳದೆ ಒಬ್ಬರ ಹೊಲದಲ್ಲಿ ಕಾಲಿಟ್ಟದ್ದು ಇಟ್ಟದ್ದೇ, ಹಿರಿಯರು ಕೂಡಿದ್ದಾರೆ, ಕೂಡಿದ್ದಕ್ಕೆ ಒಂದು ಮರ್ಯಾದೆ ಬೇಕು. ಕೃಷ್ಣವ್ವ ಒಂದು ಮಾತು ತಪ್ಪಾಯಿತು ಎಂದುಬಿಡಲಿ, ಎಲ್ಲರೂ ಮನೆಗೆ ಹೋಗೋಣ. ಇದನ್ನೆಲ್ಲ ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ, ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅವಳು ಅದೇ ಹೊಲಗಳಲ್ಲಿ ಕಾಲಿಟ್ಟೇ ನಿಮ್ಮ ಕಳೆ ತೆಗೆದದ್ದು, ಆಗ ಯಾರೂ ಕೇಳಲಿಲ್ಲವಲ್ಲ ಎಂದು ಕೂಗಿದೆ. ಇನ್ನೂ ಏನೇನೋ ಅಂದೆ. ದನಿ ಒಡೆದು ಹೋಯಿತು. ಅಷ್ಟರಲ್ಲಿ ಚಿಗವ್ವ ನನ್ನ ತೋಳು ಹಿಡಿದು ಹಿಂದೆ ಸರಿಸಿ ತಾನು ಮುಂದೆ ಬಂದಳು. ಕೈ ಸೆರಗಿಗೆ ಹೋಯಿತು. ನಾನು ಮುಖ ತಿರುಗಿಸಿಕೊಂಡೆ.

ಅವಳು ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡಳು, ಅಷ್ಟೇ.

“ಎಳ್ಳಮಾಸಿ ಆದ ಎರಡನೇ ದಿನ ನಾ ಸಾವ್ಕಾರ್ರಿಗೆ ಹೇಳೇನಿ,” ಎಂದಳು. “ನಡಕಿನ ಸಾಲಿನ್ಯಾಗ ಅರಿವಿ ಇಬ್ಬನಿಗೆ ಹಸಿ ಆಗೈತ್ರಿ, ಆದ್ರ ಹುಳಿ ಇಲ್ಲ, ಸಪ್ಪ ಐತಿ. ಗಿಡ ಹಸರ ಕಾಣತಾವ ಖರೆ, ಒಳಗ ಏನೋ ಆಗೈತಿ, ನೋಡ್ರಿ ಅಂತ ಹೇಳೇನಿ. ಅವತ್ತ ಒಂದ ಎಲಿನೂ ಬಾಡಿರಲಿಲ್ಲ.”

ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಕೋಶಕ್ಕೆ ಬರುವ ನೀರು ಕಡಿಮೆಯಾದರೆ ಮೊದಲು ನಿಲ್ಲುವುದು ಒಸರುವ ಕೆಲಸ, ಎಲೆ ಜೋತು ಬೀಳುವುದು ಆಮೇಲೆ. ನಾನು ಬ್ಲೇಡು ತೆಗೆದುಕೊಂಡು, ಬಾಡಿದ ಗಿಡ ಸೀಳಿ ಕಂಡದ್ದನ್ನು, ಇವಳು ಹದಿನೈದು-ಇಪ್ಪತ್ತು ದಿನ ಮೊದಲೇ ಹಸಿರು ಗಿಡದ ಮೇಲೆ ಅರಿವೆ ಹಾಸಿ ನಾಲಿಗೆಯಿಂದ ಕಂಡುಕೊಂಡಿದ್ದಳು. ಕಾಲೇಜಿಗೆ ಹೋದ ಮೇಲೆ, ಆ ಹುಳಿ ಗಿಳಿ ಬಿಡು, ಊರವರ ಹೊಲ ಹಿಂಡುವುದು ನಮಗೆ ಶೋಭೆಯಲ್ಲ ಎಂದು ಇವಳಿಗೆ ಹೇಳಿದವಳು ನಾನೇ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಗಂಗಯ್ಯನವರು ಅಂದಾನೆಪ್ಪನನ್ನು ಕೇಳಿದರು, ಹೇಳಿದ್ದಳೇ ಎಂದು. ಅಂದಾನೆಪ್ಪ ಅಂಗಿಯ ತೋಳು ನೋಡಿಕೊಂಡ.

“ಆಕಿ ಏನರ ಅಂತಿರತಾಳ,” ಎಂದ. “ನೆನಪಿಲ್ಲ.”

ನೆನಪಿತ್ತು. ಅವನ ಕುತ್ತಿಗೆ ಕೆಂಪಾದದ್ದು ಎಲ್ಲರಿಗೂ ಕಂಡಿತು. ಹಾಗಾದರೆ ಏಳೋಣ ಎಂದರು ಗಂಗಯ್ಯನವರು, ಎಲ್ಲರೂ ಎದ್ದರು. ತಪ್ಪಾಯಿತು ಎನ್ನು ಎಂದು ಮತ್ತೆ ಯಾರೂ ಅವಳಿಗೆ ಹೇಳಲಿಲ್ಲ. ತಪ್ಪಾಯಿತು ಎಂದು ಅವಳಿಗೂ ಯಾರೂ ಹೇಳಲಿಲ್ಲ. ಹೊಲದಲ್ಲಿ ಕಾಲಿಡಬಾರದು ಎಂದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಹೊಂದಿಸಿಟ್ಟು ಹೋದರು.

ಮನೆಗೆ ಬಂದು ಅವಳ ಮೇಲೂ ಹರಿಹಾಯ್ದೆ. ಇಷ್ಟು ದೊಡ್ಡ ಮಾತನ್ನು ನಿನ್ನೆಯೇ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಕೇಳಲಿಲ್ಲ, ಬಂದಾಗಿನಿಂದ ನೀನೇ ಮಾತಾಡುತ್ತಿದ್ದೆ ಎಂದಳು. ಆಮೇಲೆ ರೊಟ್ಟಿ ಬಡಿಯಲು ಕೂತಳು.

ಮರುದಿನ ಬೆಳಗ್ಗೆ ಅಂದಾನೆಪ್ಪ ಓಣಿಯ ಬಾಯಿಗೆ ಬಂದು ನಿಂತ. ಆರು ಮಂದಿ ರಾತ್ರಿಯೇ ಅವನ ಮನೆಗೆ ಹೋಗಿದ್ದರಂತೆ. ಈಗ ಅವನಿಗೆ ಒಂದು ಬೇಕಾಗಿತ್ತು: ಹಸಿರಾಗಿ ಕಾಣುವ ಗಿಡಗಳಲ್ಲಿ ಯಾವುವು ಒಳಗಿಂದ ಕೆಟ್ಟಿವೆ ಎಂದು ತಿಳಿಯಬೇಕಿತ್ತು. ಕೆಟ್ಟ ಸಾಲುಗಳನ್ನು ಈಗಲೇ ಕಿತ್ತು ಹಸಿ ಕಾಯಿ ಇರುವಾಗಲೇ ಸುಲಗಾಯಿ ಎಂದು ಸಂತೆಗೆ ಕಳಿಸಬಹುದು, ಚೊಕ್ಕವಿದ್ದ ಸಾಲುಗಳ ಬೀಜವನ್ನಷ್ಟೇ ಮುಂದಿನ ವರ್ಷಕ್ಕೆ ಇಡಬಹುದು. ಕೃಷ್ಣವ್ವ ಬಂದು ಅರಿವೆ ಹಾಸಿ ಹೇಳಬೇಕು. ಇದನ್ನು ಅವನು ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದ. ನಾನು ಬಾಗಿಲಲ್ಲಿ ನಿಂತು, ಹೋಗಬೇಡ ಎಂದು ಮನಸ್ಸಿನೊಳಗೇ ಕೂಗುತ್ತಿದ್ದೆ. ಅವನ ಹೊಲ ಪೂರ್ತಿ ಒಣಗಲಿ, ಬೀಜಕ್ಕೆ ಒಂದು ಕಾಳು ಉಳಿಯದಿರಲಿ ಎಂದು ನಾನು ಬಯಸಿದ್ದು ನಿಜ. ಬರೆದಿಡುತ್ತೇನೆ, ಮುಚ್ಚುವುದಿಲ್ಲ.

“ಬರತೇನ್ರಿ,” ಎಂದಳು ಚಿಗವ್ವ. “ಆದ್ರ ಹೊಲದಾಗ ಕಾಲಿಡಬ್ಯಾಡ ಅಂದೀರಿ, ಇಡೂದಿಲ್ಲ. ಅರಿವಿ ನಿಮ್ಮ ಮನೀವ ತರ್ರಿ. ನೀವ ಹಾಸ್ರಿ, ನೀವ ಹಿಂಡ್ರಿ, ನೀವ ನಾಲಿಗಿಗೆ ಹಚ್ಚಿ ನೋಡ್ರಿ. ನಾ ದಾರಿ ಮ್ಯಾಲ ನಿಂತು ಕೇಳತೇನಿ.”

ಅವನು ಆಳು ಕಳಿಸಲೇ ಎಂದು ಕೇಳಿದ. ಆಳಿನ ನಾಲಿಗೆಯ ಮಾತು ನಿಮಗೆ ನೆನಪಿರುವುದಿಲ್ಲ ಸಾವ್ಕಾರ್ರ ಎಂದಳು. ನಾನು ಕಾಲೇಜಿಗೆ ಫೋನು ಮಾಡಿ ಇನ್ನೊಂದು ದಿನ ರಜೆ ಕೇಳಿದೆ.

ಅಂದು ಸಂಜೆ ಅಂದಾನೆಪ್ಪ ತನ್ನ ಧೋತರಗಳನ್ನು ಹರಿದು ಹತ್ತೊಂಬತ್ತು ತುಂಡು ಮಾಡಿ, ಅವಳು ದಾರಿಯ ಮೇಲಿಂದ ಕೈ ಮಾಡಿದ ಕಡೆಗೆಲ್ಲ ಹಾಸಿದ. ಮಂಗಳವಾರ ಬೆಳಕು ಹರಿದಾಗ ರಸ್ತೆಯ ಬದಿಗೆ ನೀಲಪ್ಪ ಮತ್ತು ಉಳಿದ ಐದು ಮಂದಿ ನಿಂತಿದ್ದರು. ಕೂಲಿಗೆ ಹೊರಟಿದ್ದ ನಮ್ಮ ಓಣಿಯ ಹೆಂಗಸರೂ ಬುತ್ತಿ ಹಿಡಿದು ನಿಂತುಬಿಟ್ಟರು. ಅಂದಾನೆಪ್ಪ ಪ್ಯಾಂಟು ಮಡಚಿಕೊಂಡು ಹೊಲಕ್ಕಿಳಿದ. ಮೊದಲ ತುಂಡನ್ನು ಎತ್ತಿ ಅಂಗೈಗೆ ಹಿಂಡಿ ನೆಕ್ಕಿದ, ಮುಖ ಹಿಂಡಿಕೊಂಡಿತು. ಹುಳಿ ಎಂದ. ಎರಡನೆಯದೂ ಹುಳಿ. ಮೂರನೆಯದನ್ನು ನೆಕ್ಕಿ ಚಿಗವ್ವನ ಕಡೆ ನೋಡಿ ಇಲ್ಲ ಎಂದು ತಲೆ ಅಲ್ಲಾಡಿಸಿದ.

ತಲೆ ಅಲ್ಲಾಡಿಸಿದರೆ ಇಷ್ಟು ದೂರಕ್ಕೆ ತಿಳಿಯುವುದಿಲ್ಲ, ಬಾಯಿಂದ ಹೇಳಬೇಕು ಎಂದಳು ಅವಳು.

“ಸಪ್ಪ ಐತಿ,” ಎಂದ.

“ಕೇಳವಲ್ದು.”

“ಸಪ್ಪ,” ಎಂದು ಅಂದಾನೆಪ್ಪ ಕೂಗಿದ. ರಸ್ತೆಯ ಮೇಲಿದ್ದವರಿಗೆಲ್ಲ ಕೇಳಿತು. ನೀಲಪ್ಪ ಆ ಸಾಲಿನ ನೇರಕ್ಕೆ ದಾರಿಯ ಮೇಲೆ ಒಂದು ಕಲ್ಲಿಟ್ಟ. ಸಾಲಿನಲ್ಲಿ ಗಿಡಗಳು ಮೊಣಕಾಲೆತ್ತರ, ಹಸಿರಾಗಿ, ಕಾಯಿ ತುಂಬಿಕೊಂಡು ನಿಂತಿದ್ದವು. ಅವನ್ನು ನೋಡಿದರೆ ಯಾರೂ ನಂಬುವಂತಿರಲಿಲ್ಲ.

ಹೀಗೇ ನಡೆಯಿತು. ಬಗ್ಗುವುದು, ಹಿಂಡುವುದು, ನೆಕ್ಕುವುದು, ಕೂಗುವುದು. ಚಿಗವ್ವ ಕೈ ಕಟ್ಟಿಕೊಂಡು ನಿಂತಿದ್ದಳು. ಸಣ್ಣಗೆ ಹೇಳಿದರೆ ಪ್ರತಿ ಸಲವೂ ಮತ್ತೆ ಹೇಳಿಸಿದಳು. ಅವಳಿಗೆ ಸಿಟ್ಟೇ ಬರುವುದಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹದಿನಾರನೆಯ ತುಂಡಿನ ಹೊತ್ತಿಗೆ ಕಲ್ಲುಗಳು ಒಂಬತ್ತಾಗಿದ್ದವು. ಸುರೇಬಾನದ ಬಸ್ಸು ಬಂದು ನಿಧಾನವಾಯಿತು, ಕಿಟಕಿಗಳಲ್ಲಿ ತಲೆಗಳು ಕಂಡವು. ಅಂದಾನೆಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಹದಿನೇಳನೆಯ ಅರಿವೆಯ ಹತ್ತಿರ ಹೋದವನು ಅದನ್ನು ಮುಟ್ಟಲೂ ಇಲ್ಲ, ನಿಂತಲ್ಲಿಂದಲೇ, ಬೇಗ ಮುಗಿಯಲಿ ಎಂಬಂತೆ, ಸಪ್ಪ ಎಂದು ಕೂಗಿದ.

ನೀಲಪ್ಪ ಕಲ್ಲಿಗೆ ಬಗ್ಗಿದ. ಚಿಗವ್ವ ಅವನಿಗೆ ಬೇಡವೆಂದು ಕೈ ಮಾಡಿದಳು.

“ಹಿಂಡಿ ನೋಡಿ ಹೇಳ್ರಿ, ಸಾವ್ಕಾರ್ರ,” ಎಂದಳು. “ನೋಡಲಾರದ ಹೇಳೂದು ಕಟ್ಟಿ ಮ್ಯಾಲ.”

ಅಂದಾನೆಪ್ಪ ಬಗ್ಗಿ ಅರಿವೆ ಎತ್ತಿದ, ಹಿಂಡಿದ, ಅಂಗೈ ಬಾಯಿಗೊಯ್ದ. ಅವನ ಕಣ್ಣು ಮುಚ್ಚಿಕೊಂಡವು, ತುಟಿ ಹಿಂಡಿಕೊಂಡಿತು. ಅದು ಹುಳಿಯಾಗಿತ್ತು. ಅದನ್ನೂ ಅವನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕಾಯಿತು.